ಕಂಪ್ಯೂಟರಿನಲ್ಲಿ ಜೋಳದ ಗಿಡದ ಮಾಡೆಲ್ ಮಾಡಬೇಕು, ಎಲ್-ಪೈ ಕಲಿಯಲಾ ಅಥವಾ ಗ್ರೊಯಿಂಪ್ ಕಲಿಯಲಾ?

ನಿಮ್ಮ ಪ್ರಶ್ನೆ ಓದಿ ನನ್ನ ಎಂ.ಎಸ್ಸಿ ಎರಡನೇ ವರ್ಷ ಕಣ್ಮುಂದೆ ಬಂತು. ಬೆಳೆಯೂ ಅದೇ, ಜೋಳ. ಇವೆರಡರಲ್ಲಿ ಯಾವ ಸಾಫ್ಟ್‌ವೇರ್ ಅಂತ ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಸ್ವಲ್ಪ ಬರುತ್ತಿತ್ತು, ಹಾಗಾಗಿ ಅದರಲ್ಲೇ ನಡೆಯೋ ಎಲ್-ಪೈ ಹಿಡಿದೆ.

ಅದರ ಬುಡದಲ್ಲಿರೋದು 1968ರಲ್ಲಿ ಜೀವವಿಜ್ಞಾನಿ ಅರಿಸ್ಟಿಡ್ ಲಿಂಡೆನ್‌ಮಾಯರ್ ಕೊಟ್ಟ ಎಲ್-ಸಿಸ್ಟಮ್, ಅಂದರೆ ಬೆಳವಣಿಗೆಯನ್ನು ನಿಯಮಗಳಾಗಿ ಬರೆಯೋ ವಿಧಾನ. ಗಿಡವನ್ನು ಅಕ್ಷರಗಳ ಸಾಲಾಗಿ ಬರೆಯುತ್ತೇವೆ. ಸುಳಿಗೆ ಒಂದು ಅಕ್ಷರ. ಪ್ರತಿ ಸುತ್ತಿಗೂ ಆ ಅಕ್ಷರ ತೆಗೆದು, ಅಲ್ಲಿ 'ದಂಟಿನ ಒಂದು ತುಂಡು, ಒಂದು ಎಲೆ, ಇಷ್ಟು ಡಿಗ್ರಿ ತಿರುಗು, ಮತ್ತೆ ಸುಳಿ' ಅಂತ ಹಾಕುತ್ತೇವೆ.

ನಾನು ಎಡವಿದ್ದು ಆ 'ಇಷ್ಟು ಡಿಗ್ರಿ'ಯಲ್ಲೇ. ಯಾವುದೋ ಉದಾಹರಣೆಯಿಂದ 137.5 ಅನ್ನೋದನ್ನು ಸುಮ್ನೆ ಎತ್ತಿ ಹಾಕಿದೆ. ಅದು ಸುರುಳಿಯಾಗಿ ಜೋಡಣೆಯಾಗೋ ಗಿಡಗಳಲ್ಲಿ ಒಂದು ಎಲೆಯಿಂದ ಮುಂದಿನದಕ್ಕೆ ತಿರುಗೋ ಕೋನ. ಸೂರ್ಯಕಾಂತಿ ತೆನೆಯಲ್ಲಿ ಬೀಜ ಕೂರೋದು ಹಾಗೆ. ಚಿತ್ರ ಎಷ್ಟು ಚೆನ್ನಾಗಿ ಬಂತೆಂದರೆ ನನಗಾಗಲಿ ಗೈಡ್‌ಗಾಗಲಿ ಅನುಮಾನವೇ ಬರಲಿಲ್ಲ. ಅದರ ಮೇಲೆ ನಾಲ್ಕು ತಿಂಗಳು, ಯಾವ ಎಲೆಗೆ ಎಷ್ಟು ಬೆಳಕು ಸಿಗುತ್ತೆ ಅನ್ನೋ ಲೆಕ್ಕ ಮಾಡಿದೆ.

ಎಳ್ಳ ಅಮಾವಾಸ್ಯೆಗೆ ಊರಿಗೆ ಹೋದಾಗ, ಚರಗ ಚೆಲ್ಲಿ ಹೊಲದಲ್ಲೇ ಊಟಕ್ಕೆ ಕೂತಿದ್ದೆವು. ಅಪ್ಪನಿಗೆ ಮೊಬೈಲಲ್ಲಿ ಚಿತ್ರ ತೋರಿಸಿದೆ. "ಇದು ಯಾವ ಗಿಡ?" ಅಂದರು. ಜೋಳ ಅಂದೆ. ಅವರು ಪಕ್ಕದ ಒಂದು ದಂಟು ಮುರಿದು ನನ್ನ ಮುಖದ ಮುಂದೆ ಹಿಡಿದರು. "ನೋಡವಾ, ಎಲಿ ಈ ಕಡೆ ಒಂದ, ಆ ಕಡೆ ಒಂದ. ಸುತ್ತ ಎಲ್ಲಿ ತಿರಗ್ಯಾವ?"

ಜೋಳದ ಎಲೆ ಎದುರುಬದುರು ಎರಡೇ ಸಾಲಲ್ಲಿ ಬರುತ್ತೆ, ಹೆಚ್ಚುಕಡಿಮೆ 180 ಡಿಗ್ರಿ. ಅಂದರೆ ಮೂರನೇ ಎಲೆ ಒಂದನೇದರ ನೇರ ಮೇಲೆ ಬಂದು ಅದಕ್ಕೆ ನೆರಳು ಹಾಕುತ್ತೆ. 137.5 ಹಾಕಿದರೆ ಯಾವ ಎಲೆಯೂ ಇನ್ನೊಂದರ ನೇರ ಮೇಲೆ ಬರೋದೇ ಇಲ್ಲ. ಹಾಗಾಗಿ ನನ್ನ ಮಾಡೆಲ್‌ನಲ್ಲಿ ಕೆಳಗಿನ ಎಲೆಗಳಿಗೆ ನಿಜಕ್ಕಿಂತ ಜಾಸ್ತಿ ಬೆಳಕು ಸಿಗುತ್ತಿತ್ತು. ಆ ಅಂಕಿಗಳ ಮೇಲೆ ಕಟ್ಟಿದ್ದೆಲ್ಲ ಹೋಯ್ತು, ಥೀಸಿಸ್ ಒಂದು ಸೆಮಿಸ್ಟರ್ ಮುಂದಕ್ಕೆ ಬಿತ್ತು. ಬದಲಾಯಿಸಬೇಕಿದ್ದದ್ದು ಒಂದೇ ಒಂದು ಅಂಕಿ, ಆದರೆ ಎಲ್ಲ ಲೆಕ್ಕವೂ ಅದರಿಂದಲೇ ಹೊರಟಿತ್ತು.

ಅದಕ್ಕೇ ಹೇಳೋದು, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಎರಡೂ ಪುಕ್ಕಟೆ ಸಿಗುತ್ತವೆ, ಎರಡೂ ಒಳ್ಳೆಯವೇ. ಜಾವಾ ಬಂದರೆ ಗ್ರೊಯಿಂಪ್, ಪೈಥಾನ್ ಬಂದರೆ ಎಲ್-ಪೈ, ಇದಕ್ಕೆ ಐದು ನಿಮಿಷಕ್ಕಿಂತ ಜಾಸ್ತಿ ಯೋಚಿಸಬೇಡಿ. ಮೊದಲು ಸ್ಕೇಲು, ಕೋನಮಾಪಕ, ನೋಟ್‌ಬುಕ್ ತಗೊಂಡು ಹೊಲಕ್ಕೆ ಹೋಗಿ. ಎಲೆಯ ಉದ್ದ, ಅಗಲ, ದಂಟಿಗೂ ಎಲೆಗೂ ನಡುವಿನ ಕೋನ, ಗೆಣ್ಣಿನಿಂದ ಗೆಣ್ಣಿಗೆ ಎಷ್ಟು ದೂರ, ಎಲ್ಲಾ ಬರೆದುಕೊಳ್ಳಿ. ಹೊಸ ಎಲೆ ಬಿಡೋದನ್ನು ದಿನದ ಲೆಕ್ಕದಲ್ಲಿ ಹಿಡಿಯಬೇಡಿ, ತಾಪಮಾನದ ಮೇಲೆ ಹಿಡಿಯಿರಿ. ಚಳಿಯಲ್ಲಿ ಎಲೆ ನಿಧಾನ ಬರುತ್ತೆ, ಅಲ್ವಾ? ಬದುವಿನ ಪಕ್ಕದ ಗಿಡ ಬೇಡ, ಸಾಲಿನ ಒಳಗಿನ ಹತ್ತು ಗಿಡವಾದರೂ ಅಳೆಯಿರಿ. ಕೆಳಗಿನ ಎಲೆಗಳು ಒಣಗೋ ಮುಂಚೆಯೇ ಹೋಗಿ.