ಓದುಗರ ಪ್ರಶ್ನೆಗಳು: ಗುಡ್‌ಸ್ಪ್ರಿಂಗ್ಸ್ ಎಂಬ ಮರುಭೂಮಿಯ ಊರು

ಪ್ರಶ್ನೆ: ನನ್ನ ಮಗ ‘ಫಾಲ್‌ಔಟ್: ನ್ಯೂ ವೇಗಸ್’ ಎಂಬ ವಿಡಿಯೊ ಆಟವನ್ನು ಮತ್ತೆ ಮತ್ತೆ ಮೊದಲಿನಿಂದ ಆಡುತ್ತಾನೆ. ಅದರ ಮೊದಲ ಊರು ಗುಡ್‌ಸ್ಪ್ರಿಂಗ್ಸ್‌ನಲ್ಲಿ ಇರುವುದು ಬೆರಳೆಣಿಕೆಯ ಮನೆಗಳು. ಅಷ್ಟು ಸಣ್ಣ ಊರಿನಲ್ಲಿ ಅಂಥದ್ದೇನಿದೆ?
– ಬದಿಯಡ್ಕದ ಓದುಗರೊಬ್ಬರು

ಉತ್ತರ: ಆಬ್ಸಿಡಿಯನ್ ಎಂಟರ್‌ಟೇನ್‌ಮೆಂಟ್ ರೂಪಿಸಿ, 2010ರಲ್ಲಿ ಬೆಥೆಸ್ಡಾ ಸಂಸ್ಥೆಯು ಹೊರತಂದ ಈ ಆಟದ ಕಥೆ ನಡೆಯುವುದು 2281ರಲ್ಲಿ, ಅಂದರೆ 2077ರ ಅಣುಯುದ್ಧದಲ್ಲಿ ಜಗತ್ತು ಸುಟ್ಟುಹೋಗಿ ಎರಡು ಶತಮಾನಗಳು ಸಂದ ಮೇಲೆ. ಸರಕು ತಲುಪಿಸುವ ಕೊರಿಯರ್ ಒಬ್ಬನ ಪಾತ್ರ ಆಟಗಾರನದು. ಆ ಕೊರಿಯರ್‌ನ ತಲೆಗೆ ಗುಂಡು ಹಾರಿಸಿ, ಊರಿನ ಮೇಲಿನ ಸ್ಮಶಾನದಲ್ಲಿ ಹೂತುಹಾಕಲಾಗುತ್ತದೆ. ವಿಕ್ಟರ್ ಎಂಬ ರೋಬೋ ಅವನನ್ನು ಅಗೆದು ತೆಗೆಯುತ್ತದೆ. ಡಾಕ್ ಮಿಚೆಲ್ ಎಂಬ ವೈದ್ಯ ತನ್ನ ಮನೆಯಲ್ಲಿಟ್ಟುಕೊಂಡು ಬದುಕಿಸುತ್ತಾನೆ. ಹೀಗೆ ಆಟವು ಆರಂಭವಾಗುವುದೇ ಗುರುತುಪರಿಚಯವಿಲ್ಲದವನೊಬ್ಬನಿಗೆ ಊರು ಮಾಡಿದ ಉಪಕಾರದಿಂದ.

ಆ ಊರನ್ನು ನಿಧಾನವಾಗಿ ನೋಡಿದರೆ, ಅಲ್ಲಿ ಯಾವುದೂ ಅಲಂಕಾರಕ್ಕಾಗಿ ಇಲ್ಲ ಎಂಬುದು ಗೊತ್ತಾಗುತ್ತದೆ. ಪ್ರಾಸ್ಪೆಕ್ಟರ್ ಸಲೂನ್ ಎಂಬ ಮದ್ಯದಂಗಡಿ ನಡೆಸುವ ಟ್ರೂಡಿ ಊರಿಗೆ ಹಿರಿಯಳಂತಿದ್ದಾಳೆ. ಚೆಟ್ ಅಂಗಡಿ ನೋಡಿಕೊಳ್ಳುತ್ತಾನೆ. ಬಿಗ್‌ಹಾರ್ನರ್ ಎಂಬ ದೊಡ್ಡ ಕೊಂಬಿನ ಪ್ರಾಣಿಗಳು ಊರಿನ ಜಾನುವಾರುಗಳು. ಬೇಟೆಗಾರ್ತಿ ಸನ್ನಿ ಸ್ಮೈಲ್ಸ್ ಮೊದಲು ಬಾಟಲಿಗಳಿಗೆ ಗುರಿಯಿಟ್ಟು ಗುಂಡು ಹೊಡೆಯುವುದನ್ನು ಕಲಿಸುತ್ತಾಳೆ, ಆಮೇಲೆ ಊರಿನ ನೀರಿನ ತಾಣಕ್ಕೆ ಕರೆದೊಯ್ಯುತ್ತಾಳೆ. ಅಲ್ಲಿ ಗೆಕೊ ಎಂಬ ದೈತ್ಯ ಹಲ್ಲಿಗಳು ನೀರಿಗೆ ಬಂದವರ ಮೇಲೆ ಎರಗುತ್ತಿರುತ್ತವೆ. ಆಟದ ಪಾಠವೆಂದು ಆಟಗಾರ ಭಾವಿಸಿದ್ದು ಊರಿನವರ ನಿತ್ಯದ ಕೆಲಸವೇ ಆಗಿರುತ್ತದೆ ಎನ್ನುವುದು ನನಗೆ ಈ ಊರಿನ ಬಹುದೊಡ್ಡ ಸೊಗಸಾಗಿ ಕಾಣುತ್ತದೆ. ಮದ್ದು ಅರೆಯುವ ಪಾಠವೂ ಹಾಗೆಯೇ: ಒಂದು ಮೂಲಿಕೆ ಸ್ಮಶಾನದ ಗುಡ್ಡದಲ್ಲಿ, ಇನ್ನೊಂದು ಪಾಳುಬಿದ್ದ ಶಾಲೆಯ ಬಳಿ ಸಿಗುವುದರಿಂದ, ಮದ್ದು ತಯಾರಾಗುವ ಹೊತ್ತಿಗೆ ಆಟಗಾರ ಇಡೀ ಊರನ್ನು ಸುತ್ತಿರುತ್ತಾನೆ.

ಇಷ್ಟಕ್ಕೂ ಅಲ್ಲಿ ಜನ ನೆಲೆಸಿದ್ದು ಆ ನೀರಿನಿಂದಾಗಿ. ವಿಕಿರಣದಿಂದ ಕೆಟ್ಟ ನೀರೇ ಎಲ್ಲೆಡೆ ಇರುವ ನಾಡಿನಲ್ಲಿ ಈ ಊರಿನ ಬಾವಿಗಳ ನೀರು ಶುದ್ಧವಾಗಿದೆ. ಬಾಯಾರು, ಎಣ್ಮಕಜೆ ಕಡೆಗಳಲ್ಲಿ ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು, ಸುರಂಗದಿಂದ ಒಸರುವ ನೀರನ್ನು ನಂಬಿ ತೋಟ ಮಾಡಿದ ನಮ್ಮ ಹಿರಿಯರಿಗೆ ಈ ಲೆಕ್ಕಾಚಾರವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ನಿಮ್ಮ ಮಗ ಈವರೆಗೆ ಆಡಿರದಿದ್ದರೆ, ಹಾರ್ಡ್‌ಕೋರ್ ಎಂಬ ಕಠಿಣ ವಿಧಾನದಲ್ಲಿ ಆಡಿನೋಡಲಿ. ಹಸಿವು, ಬಾಯಾರಿಕೆ, ನಿದ್ದೆಗಳನ್ನು ಲೆಕ್ಕಕ್ಕೆ ಹಿಡಿಯುವ ಆ ವಿಧಾನದಲ್ಲಿ ಈ ಬಾವಿಗಳ ಬೆಲೆಯೇ ಬೇರೆ.

ಪ್ರಶ್ನೆ: ಗುಡ್‌ಸ್ಪ್ರಿಂಗ್ಸ್ ನಿಜವಾದ ಊರೇ? ನಮ್ಮ ಕಣೇಕಲ್ ಕಡೆ ಹಗರಿ ನದಿಯ ಮರಳು ಗಾಳಿಗೆ ಹಾರಿ ಹೊಲಗಳ ಮೇಲೆ ದಿಬ್ಬಗಳಾಗಿ ನಿಲ್ಲುತ್ತದೆ. ಆಟದಲ್ಲಿ ಅಂಥ ದಿಬ್ಬಗಳು ಕಾಣದಿರುವಾಗ ಅದನ್ನು ಮರುಭೂಮಿ ಎನ್ನಬಹುದೇ?
– ರಾಯದುರ್ಗದ ಓದುಗರೊಬ್ಬರು

ಉತ್ತರ: ನಿಜವಾದ ಊರೇ. ಅಮೆರಿಕದ ನೆವಾಡಾ ರಾಜ್ಯದಲ್ಲಿ, ಲಾಸ್ ವೇಗಸ್‌ನ ನೈಋತ್ಯಕ್ಕೆ, ಸೀಸ ಮತ್ತು ಸತುವಿನ ಗಣಿಗಳಿಂದ ಬೆಳೆದು, ಗಣಿಗಳು ನಿಂತ ಮೇಲೆ ಕುಗ್ಗಿದ ಊರದು. 1913ರಲ್ಲಿ ಕಟ್ಟಿದ ಪಯೋನಿಯರ್ ಸಲೂನ್ ಅಲ್ಲಿ ಇಂದಿಗೂ ಇದೆ. ಆಟದ ಪ್ರಾಸ್ಪೆಕ್ಟರ್ ಸಲೂನ್‌ಗೆ ಅದೇ ಮಾದರಿ. ಶಾಲೆಯ ಹಳೆಯ ಕಟ್ಟಡವೂ ಅದೇ ಕಾಲದ್ದು.

ಮರಳಿನ ದಿಬ್ಬಗಳಿಲ್ಲ ಎಂಬುದನ್ನು ನೀವು ಸರಿಯಾಗಿಯೇ ಗಮನಿಸಿದ್ದೀರಿ. ಆದರೆ ಮರುಭೂಮಿಯನ್ನು ಮರುಭೂಮಿ ಮಾಡುವುದು ಮಳೆಯ ಕೊರತೆ, ಮರಳಲ್ಲ. ಈ ಊರಿರುವ ಮೊಹಾವಿ ಮರುಭೂಮಿಯ ಬಹುಭಾಗ ಜಲ್ಲಿಕಲ್ಲು, ಬೋಳುಬೆಟ್ಟ ಮತ್ತು ಕುರುಚಲು ಗಿಡಗಳ ನೆಲ. ಲಾಸ್ ವೇಗಸ್‌ನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 106 ಮಿ.ಮೀ. ಮಳೆ ಬಿದ್ದರೆ, ಬರಪೀಡಿತವೆಂದೇ ಹೆಸರಾದ ನಿಮ್ಮ ಅನಂತಪುರದ ಕಡೆ ಸುಮಾರು 550 ಮಿ.ಮೀ. ಬೀಳುತ್ತದೆ. ಪಶ್ಚಿಮಘಟ್ಟವು ನಿಮ್ಮ ಪಾಲಿನ ಮಳೆಯನ್ನು ತಡೆಯುವಂತೆ, ಅಲ್ಲಿ ಸಿಯೆರಾ ನೆವಾಡಾ ಬೆಟ್ಟಸಾಲು ತಡೆಯುತ್ತದೆ.

ಪ್ರಶ್ನೆ: ಆ ಊರು ಯಾವ ಸರಕಾರಕ್ಕೆ ಸೇರಿದ್ದು? ಊರಿಗೆ ಆಪತ್ತು ಬಂದಾಗ ಆಟಗಾರ ಸುಮ್ಮನೆ ಹೊರಟುಹೋಗಬಹುದೇ?
– ಮಂಜೇಶ್ವರದ ಓದುಗರೊಬ್ಬರು

ಉತ್ತರ: 1956ರಿಂದ ಎರಡು ರಾಜ್ಯಗಳ ನಡುವಿನ ಮಾತಿಗೆ ವಸ್ತುವಾಗಿರುವ ನೆಲದಿಂದ ಈ ಪ್ರಶ್ನೆ ಬಂದದ್ದು ಸಹಜವೇ. ಗುಡ್‌ಸ್ಪ್ರಿಂಗ್ಸ್ ಯಾವ ಸರಕಾರಕ್ಕೂ ಸೇರಿಲ್ಲ. ಮೊಹಾವಿಗಾಗಿ ಹೊಸ ಕ್ಯಾಲಿಫೋರ್ನಿಯಾ ಗಣರಾಜ್ಯ, ಸೀಸರನ ಸೇನೆ ಮತ್ತು ವೇಗಸ್‌ನ ಒಡೆಯ ಮಿಸ್ಟರ್ ಹೌಸ್ ಸೆಣಸುತ್ತಿರುತ್ತಾರೆ. ಹೂವರ್ ಅಣೆಕಟ್ಟಿನ ಯುದ್ಧದಲ್ಲಿ ಗೆದ್ದವರು ಯಾರೆಂಬುದನ್ನು ಅವಲಂಬಿಸಿ ಈ ಊರಿನ ಮುಂದಿನ ಗತಿಯನ್ನು ಆಟ ಕೊನೆಯಲ್ಲಿ ಹೇಳುತ್ತದೆ. ಆದರೆ ಊರಿನ ಹೊಸ್ತಿಲಿಗೆ ಬಂದ ಆಪತ್ತಿಗೆ ಆ ಗಣರಾಜ್ಯವೇ ಒಂದು ಕಾರಣ. ರೈಲುಹಳಿಯ ಕೆಲಸಕ್ಕೆಂದು ಅದು ಕೈದಿಗಳನ್ನು ತಂದು, ಅವರ ಕೈಗೆ ಸಿಡಿಮದ್ದು ಕೊಟ್ಟಿತು. ದಂಗೆಯೆದ್ದ ಕೈದಿಗಳು ಪೌಡರ್ ಗ್ಯಾಂಗರ್ಸ್ ಎಂಬ ದರೋಡೆಕೋರರಾದರು. ಅವರಿಂದ ತಪ್ಪಿಸಿಕೊಂಡ ರಿಂಗೋ ಎಂಬ ವ್ಯಾಪಾರಿ ಊರಿನ ಹಳೆಯ ಪೆಟ್ರೋಲ್ ಬಂಕಿನಲ್ಲಿ ಅಡಗಿದ್ದಾನೆ, ಅವನನ್ನು ಒಪ್ಪಿಸಿರೆಂದು ಆ ದರೋಡೆಕೋರರ ಗುಂಪಿನ ಜೋ ಕಾಬ್ ಬೆದರಿಸುತ್ತಿದ್ದಾನೆ.

ಸುಮ್ಮನೆ ಹೊರಟುಹೋಗಬಹುದು, ಕಾಬ್‌ನ ಜೊತೆ ಸೇರಿ ಊರಿನ ಮೇಲೆಯೇ ಬೀಳಲೂಬಹುದು. ಊರಿನ ಪರ ನಿಂತರೆ ಮಾತ್ರ ಆಟದ ನಿಜವಾದ ಸತ್ವ ಕಾಣುತ್ತದೆ: ವೈದ್ಯನಿಂದ ಔಷಧಿ, ಚೆಟ್‌ನಿಂದ ರಕ್ಷಾಕವಚ, ಈಸಿ ಪೀಟ್ ಎಂಬ ಮುದುಕನಿಂದ ಡೈನಮೈಟ್, ಹೀಗೆ ಒಬ್ಬೊಬ್ಬರಿಂದ ಒಂದೊಂದು ನೆರವು ದೊರೆಯುತ್ತದೆ. ಅದೂ ಕೇಳಿದ ಕೂಡಲೇ ಅಲ್ಲ. ಸಿಡಿಮದ್ದಿನ ಅರಿವಿಲ್ಲದವನಿಗೆ ಪೀಟ್ ಡೈನಮೈಟ್ ಕೊಡುವುದಿಲ್ಲ, ಮತ್ತು ಅವನು ಹಾಗೆ ಮಾಡುವುದು ಸರಿಯೇ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ಈಗ ಸೈನ್ಯ ಕಳುಹಿಸುವ ಆ ಗಣರಾಜ್ಯವು 1997ರ ಮೊದಲ ‘ಫಾಲ್‌ಔಟ್’ ಆಟದಲ್ಲಿ ಶೇಡಿ ಸ್ಯಾಂಡ್ಸ್ ಎಂಬ ಮಣ್ಣಿನ ಗೋಡೆಗಳ ಒಂದು ಪುಟ್ಟ ಊರಾಗಿತ್ತು. ವಿಜ್ಞಾನ ಬಲ್ಲ ಆಟಗಾರನು ಅಲ್ಲಿನ ರೈತನಿಗೆ ಬೆಳೆ ಸರದಿಯ ಕ್ರಮವನ್ನು ಹೇಳಿಕೊಡಬಹುದಿತ್ತು. ಆ ಊರನ್ನು ಕಂಡವರಿಗೆ, ಗಣರಾಜ್ಯದ ಸೈನಿಕರು ಮೊಹಾವಿಯ ಸಣ್ಣ ಊರುಗಳನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳದಿರುವುದು ನಿಜಕ್ಕೂ ನೋವುಂಟುಮಾಡುತ್ತದೆ.

ಪ್ರಶ್ನೆ: ಗುಡ್‌ಸ್ಪ್ರಿಂಗ್ಸ್‌ನ ಸ್ಮಶಾನದಿಂದಲೇ ವೇಗಸ್‌ನ ಗೋಪುರ ಕಾಣುತ್ತದೆ. ನೇರವಾಗಿ ಉತ್ತರಕ್ಕೆ ಏಕೆ ಹೋಗಬಾರದು?
– ತಾಳವಾಡಿಯ ಓದುಗರೊಬ್ಬರು

ಉತ್ತರ: ಹೋಗಬಾರದೆಂಬ ನಿಯಮವಿಲ್ಲ. ಆದರೆ ಉತ್ತರದ ಬೆಟ್ಟದ ದಾರಿಯಲ್ಲಿ ಕಾಜಡೋರ್ ಎಂಬ ವಿಷದ ಕಣಜಗಳಿವೆ, ಸ್ಲೋನ್ ಬಳಿಯ ಕಲ್ಲುಕ್ವಾರಿಯಲ್ಲಿ ಡೆತ್‌ಕ್ಲಾ ಎಂಬ ಮೃಗಗಳು ಬೀಡುಬಿಟ್ಟಿವೆ. ಅದಕ್ಕಾಗಿಯೇ ಹೆಚ್ಚಿನವರು ದಕ್ಷಿಣಕ್ಕಿಳಿದು, ಪ್ರಿಮ್, ನಿಪ್ಟನ್, ನೋವಾಕ್ ಊರುಗಳನ್ನು ಬಳಸಿಕೊಂಡು ವೇಗಸ್ ಸೇರುತ್ತಾರೆ. ಆ ಸುತ್ತುದಾರಿಯಲ್ಲಿ ಮೂರೂ ಪಕ್ಷಗಳ ನಡತೆ ಕಣ್ಣಾರೆ ಕಾಣುವುದರಿಂದ, ಮೊದಲ ಸಲ ಆಡುವವರು ಅದನ್ನೇ ಹಿಡಿಯಲಿ ಎಂಬುದು ನನ್ನ ಸಲಹೆ. ಹೊರಡುವ ಮೊದಲು ಊರಿನ ಬಾವಿಯಲ್ಲಿ ನೀರು ಕುಡಿದು, ಚೆಟ್‌ನ ಅಂಗಡಿಯಲ್ಲಿ ಗುಂಡುಗಳನ್ನು ಕೊಂಡುಕೊಳ್ಳಿರಿ.