ಶಾಲು ಹೊದಿಸುವ ಮೊದಲು ಒಂದು ಕೆಲಸ ಕೇಳಿ

ಪ್ರಶ್ನೆ: ಮೇಡಂ, ಸಕಲೇಶಪುರದ ಒಂದು ಸೇವಾ ಕ್ಲಬ್‌ಗೆ ಈ ವರ್ಷ ನಾನು ಕಾರ್ಯದರ್ಶಿ. ಪ್ರತಿ ಸಭೆಗೂ ಅತಿಥಿ ಬೇಕು. ಭಾಷಣ ಕೇಳಿ, ಊಟ ಮಾಡಿ ಎಲ್ಲರೂ ಹೊರಡುತ್ತಾರೆ. ಪ್ರಾಜೆಕ್ಟ್ ಅಂದರೆ ನೋಟ್‌ಬುಕ್ ಹಂಚಿ ಫೋಟೊ ತೆಗೆಸೋದು. ಬೇರೆ ದಾರಿ ಇದೆಯಾ?

ಉತ್ತರ: ಇದೆ. ಭಾಷಣ ಬೇರೆ, ಪ್ರಾಜೆಕ್ಟ್ ಬೇರೆ ಅಂದುಕೊಂಡಿದ್ದೀರಲ್ಲ, ತೊಂದರೆ ಅಲ್ಲೇ ಇದೆ. 1925ರಲ್ಲಿ ಅಮೆರಿಕದ ಓಹಾಯೊದಲ್ಲಿ ನಡೆದ ಲಯನ್ಸ್ ಸಮಾವೇಶಕ್ಕೆ ಹೆಲೆನ್ ಕೆಲರ್ ಅತಿಥಿಯಾಗಿ ಬಂದಿದ್ದರು. ಕಣ್ಣು ಕಾಣದ, ಕಿವಿ ಕೇಳದ ಆ ಹೆಣ್ಣುಮಗಳು ದೃಷ್ಟಿ ಇಲ್ಲದವರ ಕೆಲಸಕ್ಕೆ ಹೆಗಲು ಕೊಡಿ ಅಂತ ನೇರವಾಗಿ ಕೇಳಿದರು. ಲಯನ್ಸ್‌ನವರು ಇವತ್ತಿಗೂ ಕಣ್ಣಿನ ಕೆಲಸ ಬಿಟ್ಟಿಲ್ಲ.

ನಾನು ಚಿಕ್ಕಮಗಳೂರಿನ ಒಂದು ಕ್ಲಬ್‌ನಲ್ಲಿದ್ದಾಗ ಒಂದು ಶಾಲೆಗೆ ನೀರಿನ ಫಿಲ್ಟರ್ ಕೊಟ್ಟೆವು. ಮುಂದಿನ ವರ್ಷ ಹೋದರೆ ಅದು ಮೂಲೆಯಲ್ಲಿತ್ತು, ಮೇಲೆ ಚಾಕ್‌ಪೀಸ್ ಡಬ್ಬಿ. ನೀರು ಸೋಸುವ ಒಳಗಿನ ಕ್ಯಾಂಡಲ್ ಹಾಳಾಗಿತ್ತು. ಹೊಸದು ಯಾರು ತರಬೇಕು ಅಂತ ನಾವ್ಯಾರೂ ಯೋಚನೆ ಮಾಡಿರಲಿಲ್ಲ. ಮಕ್ಕಳು ಮನೆಯಿಂದ ಬಾಟಲಿಯಲ್ಲಿ ನೀರು ತರುತ್ತಿದ್ದರು. ಅವತ್ತು ನನಗೆ ತುಂಬಾ ಸಂಕಟವಾಯಿತು.

ಆಮೇಲೆ ನಾವು ಕರೆದದ್ದು ಕಣ್ಣಿನ ವಾರ್ಡಿನಲ್ಲಿ ದುಡಿದು ನಿವೃತ್ತರಾದ ಒಬ್ಬ ಸಿಸ್ಟರನ್ನು. ಮೈಕ್ ಬೇಡ ಅಂದರು. ಬ್ಯಾಗಿನಿಂದ ಹೆಬ್ಬೆರಳಿನಷ್ಟು ಸಣ್ಣ ಡ್ರಾಪ್ಸ್ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. "ಪೊರೆ ಆಪರೇಷನ್‌ಗೆ ಕ್ಯಾಂಪ್ ಮಾಡ್ತೀರಿ, ಸಂತೋಷ. ಆಮೇಲೆ ವಾರಗಟ್ಟಲೆ ದಿನಕ್ಕೆ ಹಲವು ಸಲ ಇದನ್ನ ಹಾಕಬೇಕು. ತೋಟದ ಕೂಲಿಯವರ ಲೈನ್ ಮನೇಲಿ ಒಬ್ಬರೇ ಇರೋ ಅಜ್ಜಿಗೆ ಕೈ ನಡುಗುತ್ತೆ. ಹನಿ ಕೆನ್ನೆ ಮೇಲೆ ಬೀಳುತ್ತೆ. ಹಾಕೋರು ಯಾರು?"

ಯಾರೂ ಮಾತಾಡಲಿಲ್ಲ. ಆ ವರ್ಷ ನಮ್ಮ ಪ್ರಾಜೆಕ್ಟ್ ಅದೇ ಆಯಿತು. ಆಲ್ದೂರು ಕಡೆಯ ತೋಟಗಳಲ್ಲಿ ಪ್ರತಿ ಲೈನಿಗೂ ಒಬ್ಬ ಹುಡುಗಿಗೋ ಹುಡುಗನಿಗೋ ಸಿಸ್ಟರೇ ಕೂತು ಕಲಿಸಿದರು. ಸೋಪು ಹಾಕಿ ಕೈ ತೊಳಿ. ಕೆಳಗಿನ ರೆಪ್ಪೆ ಮೆಲ್ಲಗೆ ಎಳಿ. ಬಾಟಲಿ ತುದಿ ಕಣ್ಣಿಗೆ ತಾಗಬಾರದು. ಒಂದೇ ಹನಿ. ಖರ್ಚಾಗಿದ್ದು ಜೀಪಿನ ಡೀಸೆಲ್ ಮಾತ್ರ.

ಹಾಗಾಗಿ ಅತಿಥಿಗಾಗಿ ಬೆಂಗಳೂರಿಗೆ ಫೋನ್ ಮಾಡಬೇಡಿ. ಆಶಾ ಕಾರ್ಯಕರ್ತೆಯನ್ನು ಕರೆಯಿರಿ, 108ರ ಡ್ರೈವರನ್ನು ಕರೆಯಿರಿ. ಇಪ್ಪತ್ತು ನಿಮಿಷ ಮಾತಾಡಿ, ಕೊನೆಗೆ ನಮ್ಮಿಂದ ಆಗಬೇಕಾದ ಒಂದು ಕೆಲಸ ಹೇಳಿ ಅಂತ ಮೊದಲೇ ತಿಳಿಸಿ. ರಕ್ತನಿಧಿಯ ಟೆಕ್ನೀಷಿಯನ್ ಬಂದರೆ, ಪ್ಲೇಟ್‌ಲೆಟ್ 5 ದಿನಕ್ಕಿಂತ ಜಾಸ್ತಿ ಇಡೋಕಾಗಲ್ಲ ಅಂತಾರೆ. ಆಗಸ್ಟ್ 15ಕ್ಕೆ ಒಂದೇ ದಿನ ಎಲ್ಲರೂ ರಕ್ತ ಕೊಡೋಕೆ ಸಾಲು ನಿಲ್ಲೋದಕ್ಕಿಂತ, ಕರೆದಾಗ ಬರುವವರ ಪಟ್ಟಿ ಇಟ್ಟುಕೊಂಡು ವರ್ಷವಿಡೀ ಸರದಿಯಲ್ಲಿ ಕೊಡೋದು ಮೇಲು ಅಲ್ವಾ?

ಇನ್ನೊಂದು ವಿಷಯ. ಜುಲೈನಲ್ಲಿ ಪದಗ್ರಹಣದ ಹುರುಪಿಗೆ ಕ್ಯಾಂಪ್ ಇಟ್ಟರೆ ನಿಮ್ಮೂರಲ್ಲಿ ಜಡಿಮಳೆ. ಡಿಸೆಂಬರ್, ಜನವರಿಯಲ್ಲಿ ಕಾಫಿ ಕೊಯ್ಲು, ಕೂಲಿ ಬಿಟ್ಟು ಯಾರೂ ಬರೋದಿಲ್ಲ. ಕೊಯ್ಲು ಮುಗಿಯಲಿ.

ಪ್ರಶ್ನೆ: ಅತಿಥಿಗೆ ಶಾಲು, ಹಾರ, ಫಲಕ ಬೇಡ ಅಂದರೆ ಹಿರಿಯ ಸದಸ್ಯರಿಗೆ ಬೇಜಾರು. ಏನು ಮಾಡಲಿ? (ಅರಸೀಕೆರೆಯ ಓದುಗರು)

ಉತ್ತರ: ಶಾಲು ಇರಲಿ. ಊರೂರು ಅಲೆಯುವ ಆಶಾ ಕಾರ್ಯಕರ್ತೆಗೆ ಶಾಲು ಹೊದಿಸೋರು ಎಷ್ಟು ಜನ ಇದ್ದಾರೆ? ಫಲಕದ ದುಡ್ಡನ್ನು ಅವರ ಆಟೋ ಖರ್ಚಿಗೆ ಕೊಡಿ. ಮೂರು ತಿಂಗಳಾದ ಮೇಲೆ ಒಂದು ಫೋನ್ ಮಾಡಿ, ನೀವು ಹೇಳಿದ ಕೆಲಸ ಇಷ್ಟಾಯಿತು, ಇಷ್ಟು ಬಾಕಿ ಇದೆ ಅಂತ ಹೇಳಿ.