ಹೂಳಿನಲ್ಲಿ ಉಳಿದ ಹಳೆಯ ಮಳೆ, ಹಳೆಯ ಚಳಿ

ಪ್ರಶ್ನೆ: ಹತ್ತು ಸಾವಿರ ವರ್ಷಗಳ ಹಿಂದೆ ಇಂತಿಷ್ಟು ಚಳಿ ಇತ್ತು, ಇಂಥ ಕಾಲದಲ್ಲಿ ಬರ ಬಂದಿತ್ತು ಎಂದು ವಿಜ್ಞಾನಿಗಳು ಹೇಳುತ್ತಾರೆ. ಸರೋವರದ ಕೆಸರು ನೋಡಿ ಅದನ್ನು ಕಂಡುಹಿಡಿದರು ಅಂತ ಓದಿದೆ. ಆಗ ಥರ್ಮಾಮೀಟರೇ ಇರಲಿಲ್ಲ. ಕೆಸರಿಗೆ ಚಳಿ ಎಷ್ಟು ಅಂತ ಗೊತ್ತಾಗುತ್ತದಾ? ಇದು ಬರೀ ಊಹೆ ಅಲ್ವಾ?

ಉತ್ತರ: ಬರೀ ಊಹೆ ಅಲ್ಲ. ಆದರೆ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಸರೋವರದ ಹೂಳಿನಿಂದ ಪರಾಗ ಬಿಡಿಸಿ ಎಣಿಸುವುದೇ ನನ್ನ ಕೆಲಸ. ಹದಿನೆಂಟು ವರ್ಷದಿಂದ ಮಾಡುತ್ತಿದ್ದೇನೆ. ಪ್ರತಿ ಸಲ ಅಂಕಿ ಬರೆಯುವಾಗಲೂ ಈ ಅನುಮಾನ ಪಕ್ಕದಲ್ಲೇ ಇರುತ್ತದೆ, ಇರಲೇಬೇಕು.

ಸರೋವರದ ತಳಕ್ಕೆ ಮಣ್ಣು ಮಾತ್ರ ಹೋಗಿ ಸೇರುವುದಿಲ್ಲ. ಗಾಳಿ ತಂದ ಪರಾಗ, ನೀರಲ್ಲೇ ಬೆಳೆದು ಸತ್ತ ಪಾಚಿ, ಹುಳುಗಳ ಚೂರು, ಎಲ್ಲೋ ಕಾಡು ಸುಟ್ಟಾಗ ಹಾರಿ ಬಂದ ಇದ್ದಿಲ ಪುಡಿ, ಎಲ್ಲವೂ ಇಳಿಯುತ್ತವೆ. ಹೋದ ವರ್ಷದ್ದರ ಮೇಲೆ ಈ ವರ್ಷದ್ದು ಕೂರುತ್ತದೆ. ಉದ್ದನೆಯ ಕೊಳವೆಯನ್ನು ತಳಕ್ಕೆ ಒತ್ತಿ, ಪದರ ಕೆಡದ ಹಾಗೆ ಆ ಹೂಳನ್ನು ಕಂಬದಂತೆ ಎತ್ತುತ್ತೇವೆ. ನಾವು ಅದನ್ನು ಕೋರ್ ಅನ್ನುತ್ತೇವೆ. ಉದ್ದಕ್ಕೆ ಸೀಳಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ನನಗೆ ಖುಷಿ. ತಳದಲ್ಲಿ ಆಮ್ಲಜನಕ ಇರಲಿಲ್ಲ, ಹುಳುಗಳು ಕೆಸರನ್ನು ಕಲಕಿಲ್ಲ ಎನ್ನುವುದಕ್ಕೆ ಅದು ಮೊದಲ ಗುರುತು. ಗಾಳಿ ತಾಗಿದರೆ ಬಣ್ಣ ಬದಲಾಗುತ್ತದೆ. ಅದಕ್ಕೇ ಸೀಳಿದ ಕೂಡಲೇ ಫೋಟೊ ತೆಗೆಯುತ್ತೇವೆ.

ಪರಾಗದ ಹೊರಕವಚ ಬಹಳ ಗಟ್ಟಿ. ಸುತ್ತಲಿನ ಮಣ್ಣು ಮರಳನ್ನು ಹೈಡ್ರೊಫ್ಲೋರಿಕ್ ಆಮ್ಲದಲ್ಲಿ ಕರಗಿಸಿದರೂ ಅದು ಉಳಿಯುತ್ತದೆ. ಪೈನ್ ಮರದ ಪರಾಗಕ್ಕೆ ಎರಡು ಗಾಳಿಚೀಲ. ಹುಲ್ಲಿನದ್ದು ಗುಂಡಗೆ, ಅದಕ್ಕೆ ಒಂದೇ ರಂಧ್ರ. ಒಂದು ಪದರದಲ್ಲಿ ಮುನ್ನೂರು ಕಾಳಾದರೂ ಎಣಿಸದೆ ನಾನು ಏಳುವುದಿಲ್ಲ. ಯಾವ ಪದರದಲ್ಲಿ ಮರ ಜಾಸ್ತಿ, ಯಾವುದರಲ್ಲಿ ಹುಲ್ಲು ಜಾಸ್ತಿ ಎಂದು ಪ್ರಮಾಣ ಹಾಕಿ ನೋಡುವ ಈ ದಾರಿಯನ್ನು ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್ 1916ರಲ್ಲಿ ತೋರಿಸಿಕೊಟ್ಟರು.

ಮರ ಕಮ್ಮಿಯಾಯಿತು ಎನ್ನುವುದರಿಂದ ಇಷ್ಟು ಡಿಗ್ರಿ ಎನ್ನುವುದಕ್ಕೆ ಹೋಗುವುದು ಹೇಗೆ? ನಿಮ್ಮ ಪ್ರಶ್ನೆಯ ತಿರುಳು ಇದೇ. ಸೊಳ್ಳೆಯಂತೆಯೇ ಕಾಣುವ, ಆದರೆ ಕಚ್ಚದ ಕಿರೊನೊಮಿಡ್ ಎಂಬ ಸಣ್ಣ ನೊಣಗಳಿವೆ. ಅವುಗಳ ಮರಿಹುಳುಗಳ ತಲೆಚಿಪ್ಪು ಹೂಳಿನಲ್ಲಿ ಸಾವಿರಾರು ವರ್ಷ ಕೆಡದೆ ಇರುತ್ತದೆ. ಕೆಲವು ಜಾತಿಗೆ ತಣ್ಣೀರು ಬೇಕು, ಕೆಲವಕ್ಕೆ ಬೆಚ್ಚಗಿನ ನೀರು. ಮೊದಲು ಇವತ್ತಿನ ಹತ್ತಾರು ಸರೋವರಗಳಿಗೆ ಹೋಗುತ್ತೇವೆ, ತಣ್ಣನೆಯ ಜಾಗದಿಂದ ಹಿಡಿದು ಬಿಸಿಯ ಜಾಗದವರೆಗೆ. ಪ್ರತಿಯೊಂದರಲ್ಲೂ ತುಸು ಮೇಲ್ಕೆಸರು ತೆಗೆದು, ಯಾವ ಜಾತಿ ಎಷ್ಟಿದೆ ಎಂದು ಎಣಿಸುತ್ತೇವೆ. ಅಲ್ಲಿನ ಬೇಸಿಗೆ ಎಷ್ಟು ಡಿಗ್ರಿ ಎಂದು ಅಳತೆ ಮಾಡಿದ ಲೆಕ್ಕ ಇರುತ್ತದೆ. ಆಮೇಲೆ ಹಳೆಯ ಪದರದ ಚಿಪ್ಪುಗಳನ್ನು ಈ ಪಟ್ಟಿಗೆ ಹೋಲಿಸುತ್ತೇವೆ. ಬರುವ ಉತ್ತರ ಯಾವಾಗಲೂ ಒಂದೆರಡು ಡಿಗ್ರಿ ಆಚೀಚೆ. ಆ ಆಚೀಚೆಯನ್ನು ಬರೆಯದೆ ಯಾರಾದರೂ ಒಂದೇ ಅಂಕಿ ಕೊಟ್ಟರೆ ನೀವು ಅನುಮಾನ ಪಡಿ.

ಇಷ್ಟೆಲ್ಲ ಮಾಡಿ ತಾರೀಕು ತಪ್ಪಿದರೆ ಎಲ್ಲವೂ ಹೋಯಿತು. ಸತ್ತ ಜೀವಿಯಲ್ಲಿನ ರೇಡಿಯೋ ಕಾರ್ಬನ್, ಅಂದರೆ ವಿಕಿರಣಶೀಲ ಇಂಗಾಲ, 5,730 ವರ್ಷಕ್ಕೆ ಅರ್ಧವಾಗುತ್ತದೆ, ಅದನ್ನು ಅಳೆದು ವಯಸ್ಸು ಹೇಳುತ್ತೇವೆ. ಒಮ್ಮೆ ನನ್ನ ಕೋರ್‌ನ ತುತ್ತತುದಿಯ ಕೆಸರು, ಅಂದರೆ ನಿನ್ನೆ ಮೊನ್ನೆ ಕೂತದ್ದು, ಸಾವಿರ ವರ್ಷ ಹಳೆಯದು ಎಂದು ಫಲಿತಾಂಶ ಬಂತು. ಆ ಸರೋವರದ ಸುತ್ತ ಸುಣ್ಣಕಲ್ಲು. ಅದರ ಹಳೆಯ ಇಂಗಾಲ ನೀರಿನಲ್ಲಿ ಕರಗಿ ಪಾಚಿಯ ಮೈ ಸೇರಿತ್ತು. ಒಂದು ವರ್ಷದ ಕೆಲಸವನ್ನು ಮತ್ತೆ ಮೊದಲಿಂದ ಮಾಡಿದೆ. ಅಂದಿನಿಂದ ದಡದ ಮರದಿಂದ ಉದುರಿದ ಎಲೆ, ಕಡ್ಡಿ ಸಿಗುವವರೆಗೂ ಜರಡಿ ಹಿಡಿಯುತ್ತೇನೆ. ಅವು ಗಾಳಿಯ ಇಂಗಾಲವನ್ನೇ ತೆಗೆದುಕೊಂಡು ಬೆಳೆದಂಥವು.

ಜಪಾನಿನ ಸುಯಿಗೆತ್ಸು ಸರೋವರದಲ್ಲಿ ಎಣಿಸಲು ಗೆರೆಗಳೇ ಸಿಕ್ಕವು. ಋತು ಬದಲಾದಂತೆ ತಿಳಿ ಗೆರೆ, ಕಡು ಗೆರೆ. ಅಲ್ಲಿನ 45 ಮೀಟರ್ ಹೂಳಿನಲ್ಲಿ ಸುಮಾರು 70,000 ವರ್ಷ ಇದೆ. ಒಂದು ವರ್ಷಕ್ಕೆ ಒಂದು ಮಿಲಿಮೀಟರೂ ಇಲ್ಲ! ಆ ಗೆರೆಗಳ ನಡುವೆ ಸಿಕ್ಕ ಎಲೆಗಳಿಂದ ರೇಡಿಯೋ ಕಾರ್ಬನ್ ಲೆಕ್ಕವನ್ನೇ ತಿದ್ದಿಕೊಂಡರು. ಇಡೀ ಜಗತ್ತಿನಲ್ಲಿ ಬಳಸುವ ಲೆಕ್ಕ ಅದು.

ಬರದ ವಿಷಯಕ್ಕೆ ಬಂದರೆ, ನನಗೆ ತುಂಬಾ ಇಷ್ಟವಾದ ಕೆಲಸ ಮೆಕ್ಸಿಕೋದ ಯುಕಟಾನ್‌ನಲ್ಲಿರುವ ಚಿಚಾಂಕನಾಬ್ ಸರೋವರದ್ದು. ಮಾಯಾ ಜನರ ದೊಡ್ಡ ನಗರಗಳು ಖಾಲಿಯಾದ 800ರಿಂದ 1000ನೇ ಇಸವಿಯ ನಡುವಿನ ಹೂಳಿನಲ್ಲಿ ಜಿಪ್ಸಮ್ ಪದರಗಳು ಸಿಕ್ಕವು. ನೀರು ಬತ್ತಿದಾಗ ಜಿಪ್ಸಮ್ ಹರಳುಗಟ್ಟುತ್ತದೆ. ಹಾಗೆ ಹರಳಾಗುವಾಗ ಅಂದಿನ ನೀರನ್ನೇ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ನೀರಿನ ಆಮ್ಲಜನಕದಲ್ಲಿ ಹಗುರ, ಭಾರ ಎಂಬ ಬಗೆಗಳಿವೆ. ಆವಿಯಾಗುವಾಗ ಹಗುರ ಆಮ್ಲಜನಕದ ನೀರು ಸುಲಭವಾಗಿ ಹೋಗುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. ಭಾರದ್ದು ಹೆಚ್ಚಿದ್ದಷ್ಟೂ ಬರ ಜೋರಾಗಿತ್ತು ಎಂದು ಅರ್ಥ. 2018ರಲ್ಲಿ ಆ ಹರಳುಗಳೊಳಗಿನ ನೀರನ್ನೇ ಹೊರತೆಗೆದು ಅಳೆದರು. ಮಳೆ ಸುಮಾರು ಅರ್ಧಕ್ಕೆ ಇಳಿದಿತ್ತು, ಬರ ಜೋರಾಗಿದ್ದಾಗ ಶೇಕಡಾ 70ರವರೆಗೂ ಕಡಿಮೆಯಾಗಿತ್ತು ಎಂದು ಲೆಕ್ಕ ಸಿಕ್ಕಿತು. ಸಾವಿರ ವರ್ಷದ ಹಿಂದಿನ ನೀರು, ಹರಳಿನ ಒಳಗೆ ಹಾಗೇ ಇತ್ತು!

ಪ್ರಶ್ನೆ: ಪರಾಗದಲ್ಲಿ ಮರ ಕಮ್ಮಿ ಎಂದು ಕಂಡರೆ ಮಳೆ ಕಮ್ಮಿಯಾಯಿತು ಅಂತಲೇ ಯಾಕೆ ಹೇಳಬೇಕು? ಜನ ಕಾಡು ಕಡಿದಿರಬಹುದಲ್ಲ?

ಉತ್ತರ: ಖಂಡಿತ ಇರಬಹುದು. ಕಳೆದ ಕೆಲವು ಸಾವಿರ ವರ್ಷಗಳ ಹೂಳಿನಲ್ಲಿ ನಮಗೆ ಬರುವ ದೊಡ್ಡ ಕಷ್ಟ ಇದೇ. ಪರಾಗ ಒಂದನ್ನೇ ನಂಬಿ ಕೂತರೆ ಮೋಸ ಹೋಗುತ್ತೇವೆ. ಜೋಳ, ಗೋಧಿಯಂಥ ಬೆಳೆಗಳ ಪರಾಗ ಸಾಮಾನ್ಯವಾಗಿ ಕಾಡುಹುಲ್ಲಿನದ್ದಕ್ಕಿಂತ ದೊಡ್ಡದು. ಅದು ಸಿಕ್ಕಿತಾ ನೋಡುತ್ತೇನೆ. ಇದ್ದಿಲು ಹೆಚ್ಚಿತಾ? ಸಗಣಿಯ ಮೇಲೆ ಬೆಳೆಯುವ ಶಿಲೀಂಧ್ರದ ಬೀಜಕಣ ಹೆಚ್ಚಿತಾ? ಹೆಚ್ಚಿದ್ದರೆ ಅಲ್ಲಿ ದನಕರು ಮೇಯುತ್ತಿದ್ದಿರಬಹುದು.

ಆಮೇಲೆ ನೀರಿನ ಸಾಕ್ಷಿ ಕೇಳುತ್ತೇನೆ. ಡಯಾಟಮ್ ಎಂಬ ಪಾಚಿಯ ಚಿಪ್ಪು ಗಾಜಿನಂಥ ಸಿಲಿಕಾದಿಂದ ಆದದ್ದು. ಉಪ್ಪುನೀರಿನ ಜಾತಿ ಬೇರೆ, ಸಿಹಿನೀರಿನ ಜಾತಿ ಬೇರೆ. ಕಾಡು ಹೋದ ಪದರದಲ್ಲಿ ಡಯಾಟಮ್ ಬದಲಾಗದೆ, ಬೆಳೆಯ ಪರಾಗ ಮಾತ್ರ ಬಂದಿದ್ದರೆ ಕೊಡಲಿಯ ಕೆಲಸ ಎನ್ನುತ್ತೇನೆ. ಉಪ್ಪುನೀರಿನವು ತುಂಬಿಕೊಂಡಿದ್ದರೆ ಸರೋವರವೇ ಇಂಗಿತ್ತು ಎಂದು ಅರ್ಥ. ಎರಡೂ ಒಟ್ಟಿಗೆ ಬಂದರೆ ಒಂದೇ ಸರೋವರದಿಂದ ತೀರ್ಮಾನ ಮಾಡುವುದಿಲ್ಲ. ಜನ ನೆಲೆಸದ ಇನ್ನೊಂದು ಸರೋವರ ಹುಡುಕುತ್ತೇವೆ.

ಪ್ರಶ್ನೆ: ಹೀಗೆ ಎಷ್ಟು ಹಿಂದೆ ಹೋಗಬಹುದು?

ಉತ್ತರ: ರೇಡಿಯೋ ಕಾರ್ಬನ್ ಸುಮಾರು 50,000 ವರ್ಷಕ್ಕೆ ಕೈಬಿಡುತ್ತದೆ. ಅದರಾಚೆಗೆ, ಭೂಮಿಯ ಕಾಂತ ದಿಕ್ಕು ತಿರುಗುಮುರುಗಾದ ಗುರುತನ್ನು ಹೂಳಿನಲ್ಲೇ ಹುಡುಕಿ ವಯಸ್ಸು ಹಿಡಿಯುತ್ತಾರೆ. ಹೆಚ್ಚಿನ ಸರೋವರಗಳು ಅಷ್ಟು ವಯಸ್ಸಾದವಲ್ಲ. ಉತ್ತರದ ಎಷ್ಟೋ ಕಡೆ ಹಿಮನದಿಗಳು ಹಳೆಯ ಹೂಳನ್ನು ಕೆರೆದು ಹಾಕಿವೆ.

ರಷ್ಯಾದ ಈಶಾನ್ಯ ತುದಿಯ ಎಲ್‌ಗಿಗಿಟ್‌ಗಿನ್ ಹಾಗಲ್ಲ. 36 ಲಕ್ಷ ವರ್ಷಗಳ ಹಿಂದೆ ಉಲ್ಕೆ ಬಿದ್ದು ಆದ ಗುಂಡಿ ಅದು, ಹಿಮನದಿ ಅದನ್ನು ಮುಟ್ಟಲೇ ಇಲ್ಲ. 2009ರಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಯಂತ್ರ ನಿಲ್ಲಿಸಿ, 318 ಮೀಟರ್ ಹೂಳನ್ನು ಕೊರೆದರು. ಇಂದು ಅಲ್ಲಿ ಮರವೇ ಇಲ್ಲ. ಕೋರ್‌ನ ಕೆಳಭಾಗದ ಪರಾಗದಲ್ಲಿ ಕಾಡಿದೆ. ಆಗಿನ ಬೇಸಿಗೆ ಇಂದಿಗಿಂತ ಸುಮಾರು 8 ಡಿಗ್ರಿ ಹೆಚ್ಚು ಬಿಸಿ ಇತ್ತು.